ವಿಕ್ಟರ್ ಹಾರಾ: ಸೆಮಿನರಿ ಬಿಟ್ಟರೂ ಜನರನ್ನು ಬಿಡದ ಗಾಯಕ

ನಮ್ಮ ಕರಾವಳಿಯ ಕಥೋಲಿಕ ಕುಟುಂಬಗಳಲ್ಲಿ ಮಗನೊಬ್ಬ ಸೆಮಿನರಿಗೆ ಹೊರಟರೆ ವಾಳೆಗೇ ಸಂಭ್ರಮ. ಅದೇ ಮಗ ಎರಡೋ ಮೂರೋ ವರ್ಷಗಳ ನಂತರ ಪೆಟ್ಟಿಗೆ ಹಿಡಿದು ಮನೆಗೆ ಮರಳಿದರೆ ಮನೆಮಂದಿಯ ಮುಖ ಬಾಡುತ್ತದೆ. ಆದಿತ್ಯವಾರ ಪೂಜೆ ಮುಗಿಸಿ ಹೊರಬರುವ ತಾಯಿಯನ್ನು ತಡೆದು ಕಾರಣ ಕೇಳುವವರು ಹಲವರು. ಹುಡುಗನ ಮುಂದಿನ ದಾರಿ ಯಾವುದು, ಅವನಿಗೆ ನಮ್ಮಿಂದ ಏನಾದರೂ ಆಗಬೇಕೇ ಎಂದು ವಿಚಾರಿಸುವವರು ಕಡಿಮೆ. ನಮ್ಮೊಡನೆ ಓದಿ ನಡುವೆ ಹೊರನಡೆದವರನ್ನು ನೆನೆಯುವಾಗಲೆಲ್ಲ ನಮಗೆ ದೂರದ ಚಿಲಿ ದೇಶದ ಒಬ್ಬ ಗಾಯಕರ ಬದುಕು ನೆನಪಾಗುತ್ತದೆ. ಅವರೇ ವಿಕ್ಟರ್ ಹಾರಾ.

ಮೊದಲೇ ಒಂದು ಮಾತು. ವಿಕ್ಟರ್ ಹಾರಾ ಸಂತರಲ್ಲ. ಸಂತ ಪದವಿಗೆ ಅವರ ಹೆಸರನ್ನು ಯಾರೂ ಸೂಚಿಸಿಲ್ಲ. ಅವರು ಸೆಮಿನರಿ ಬಿಟ್ಟವರು. ಮುಂದೆ ಕಮ್ಯುನಿಸ್ಟ್ ಪಕ್ಷದ ಸದಸ್ಯರಾದವರು. ಅವರ ಎಲ್ಲ ಹಾಡುಗಳನ್ನೂ ಧರ್ಮಸಭೆಯ ಜನ ಮೆಚ್ಚಲಿಲ್ಲ, ಮೆಚ್ಚಬೇಕಾಗಿಯೂ ಇಲ್ಲ. ಆದರೂ ಅವರ ಬದುಕನ್ನು ನಮ್ಮ ಓದುಗರ ಮುಂದಿಡುತ್ತಿದ್ದೇವೆ. ದೇವರ ಕರೆ ಸೆಮಿನರಿಯ ಗೇಟಿನ ಹೊರಗೆ ಕೊನೆಗೊಳ್ಳುತ್ತದೆಯೇ ಎಂಬ ಪ್ರಶ್ನೆಯನ್ನು ಈ ಬದುಕು ನಮ್ಮೆಲ್ಲರಿಗೂ ಕೇಳುತ್ತದೆ.

ತಾಯಿಯ ಗಿಟಾರು

ವಿಕ್ಟರ್ ಹಾರಾ ಜನಿಸಿದ್ದು 1932ರ ಸೆಪ್ಟೆಂಬರ್ 28ರಂದು. ಬಾಲ್ಯ ಕಳೆದದ್ದು ರಾಜಧಾನಿ ಸಾಂತಿಯಾಗೊ ನಗರಕ್ಕೆ ಹೆಚ್ಚು ದೂರವಿಲ್ಲದ ಲೊಂಕೆನ್ ಎಂಬ ಹಳ್ಳಿಯಲ್ಲಿ. ತಂದೆ ಮಾನುವೆಲ್ ಜಮೀನ್ದಾರರ ಹೊಲದಲ್ಲಿ ದುಡಿಯುವ ಒಕ್ಕಲಾಳು. ವಾಸಕ್ಕೊಂದು ಗುಡಿಸಲು, ಉಣ್ಣಲು ಒಂದು ತುಂಡು ಭೂಮಿ, ಅದಕ್ಕೆ ಪ್ರತಿಯಾಗಿ ವರ್ಷವಿಡೀ ಧಣಿಗಳ ಹೊಲದಲ್ಲಿ ದುಡಿಮೆ. ಹಿಂದಿನ ಕಾಲದಲ್ಲಿ ಧಣಿಗಳ ಜಾಗದಲ್ಲಿ ಒಕ್ಕಲಿದ್ದ ನಮ್ಮ ಹಿರಿಯರಿಗೆ ಈ ಬದುಕನ್ನು ವಿವರಿಸಿ ಹೇಳಬೇಕಾಗಿಲ್ಲ. ತಂದೆಗೆ ಅಕ್ಷರ ಬಾರದು, ಕುಡಿತದ ಚಟವಿತ್ತು, ಮನೆಯಲ್ಲಿ ಹೊಡೆತ ಬಡಿತ ನಡೆಯುತ್ತಿತ್ತು. ಮಕ್ಕಳು ಶಾಲೆಗೆ ಹೋಗುವುದಕ್ಕಿಂತ ಹೊಲಕ್ಕೆ ಇಳಿಯಲಿ ಎಂಬುದು ಅವರ ಇಷ್ಟ.

ತಾಯಿ ಅಮಾಂಡಾ ಹಾಗಲ್ಲ. ಮಕ್ಕಳು ಓದಲೇಬೇಕೆಂದು ಹಟ ಹಿಡಿದವರು ಅವರು. ಚಿಲಿಯ ಮೂಲನಿವಾಸಿಗಳಾದ ಮಾಪುಚೆ ಜನರ ರಕ್ತ ಅವರಲ್ಲಿ ಹರಿಯುತ್ತಿತ್ತು. ಗಿಟಾರು ನುಡಿಸುತ್ತ ಊರಿನ ಮದುವೆಗಳಲ್ಲಿ ಹಾಡುತ್ತಿದ್ದರು, ಸಾವಿನ ಮನೆಗಳಲ್ಲೂ ಹಾಡುತ್ತಿದ್ದರು. ನಮ್ಮಲ್ಲಿ ರೋಸ್ ದಿನ ವೊವಿಯೊ ಹೇಳುವ ಹಿರಿಯ ಹೆಂಗಸರಿಗೆ ಇರುವ ಸ್ಥಾನವೇ ಅಲ್ಲಿ ಅಂಥ ಗಾಯಕಿಯರಿಗೆ ಇತ್ತು. ಪುಟ್ಟ ಮಗು ತೀರಿಕೊಂಡರೆ ಅದು ದೇವದೂತನಾಯಿತೆಂದು ನಂಬಿ, ಬಿಳಿ ಬಟ್ಟೆ ತೊಡಿಸಿ, ರಾತ್ರಿಯಿಡೀ ಹಾಡುತ್ತ ಕಾಯುವ ಪದ್ಧತಿ ಚಿಲಿಯ ಹಳ್ಳಿಗಳಲ್ಲಿತ್ತು. ತಾಯಿಯ ಜೊತೆ ಇಂಥ ಮನೆಗಳಿಗೆ ಹೋಗುತ್ತಿದ್ದ ಬಾಲಕ, ಹಾಡೆಂದರೆ ನೆರೆಯವರ ಸುಖ ದುಃಖದಲ್ಲಿ ಮಾಡುವ ಸೇವೆ ಎಂದೇ ತಿಳಿದು ಬೆಳೆದರು.

ಮುಂದೆ ಕುಟುಂಬ ಸಾಂತಿಯಾಗೊ ನಗರದ ಬಡ ಬಡಾವಣೆಗೆ ಬಂತು. ತಾಯಿ ಮಾರುಕಟ್ಟೆಯಲ್ಲಿ ಊಟ ತಿಂಡಿಯ ಅಂಗಡಿ ಇಟ್ಟು ಮಕ್ಕಳನ್ನು ಸಾಕಿದರು. ವಿಕ್ಟರ್ ಲೆಕ್ಕಪತ್ರದ ಶಿಕ್ಷಣಕ್ಕೆ ಸೇರಿದರು. 1950ರಲ್ಲಿ ತಾಯಿ ಹಠಾತ್ತನೆ ತೀರಿಕೊಂಡರು. ಹದಿಹರೆಯದ ಆ ಹುಡುಗನಿಗೆ ಮನೆಯೇ ಇಲ್ಲದಂತಾಯಿತು.

ಸೆಮಿನರಿಯ ಎರಡು ವರ್ಷ

ಅದೇ ವರ್ಷ ವಿಕ್ಟರ್, ಪರಿಚಿತ ಧರ್ಮಗುರುವೊಬ್ಬರ ಸಲಹೆಯಂತೆ, ಸಾನ್ ಬರ್ನಾರ್ಡೊ ಪಟ್ಟಣದಲ್ಲಿದ್ದ ರೆಡೆಂಪ್ಟರಿಸ್ಟ್ ಸಭೆಯ ಸೆಮಿನರಿಗೆ ಸೇರಿದರು. ತಾಯಿಯನ್ನು ಕಳೆದುಕೊಂಡ ಒಂಟಿತನವೇ ತಮ್ಮನ್ನು ಅಲ್ಲಿಗೆ ಕರೆದೊಯ್ದಿತೆಂದು ಅವರು ಮುಂದೆ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಕಳೆದುಹೋದ ಮಮತೆಗೆ ಬದಲಾಗಿ ಇನ್ನೂ ಆಳವಾದ ಪ್ರೀತಿಯೊಂದು ಅಲ್ಲಿ ಸಿಗಬಹುದೆಂಬ ಆಸೆ ಅವರದಾಗಿತ್ತು.

ಅಲ್ಲಿ ಅವರ ಮನಸ್ಸು ಸೆಳೆದದ್ದು ಗ್ರೆಗೊರಿಯನ್ ಗಾಯನ ಮತ್ತು ಪೂಜಾವಿಧಿಯ ಗಾಂಭೀರ್ಯ. ಒಬ್ಬನ ದನಿ ಎದ್ದು ಕಾಣದೆ ಎಲ್ಲರ ದನಿ ಒಂದಾಗುವ ಆ ಹಾಡುಗಾರಿಕೆಯ ರುಚಿ ಸೆಮಿನರಿಯಲ್ಲಿ ಬೆಳೆದವರಿಗೆಲ್ಲ ಗೊತ್ತು. ಆದರೆ ಗುರುಜೀವನಕ್ಕೆ ತಮಗೆ ಕರೆಯಿಲ್ಲವೆಂದು ವಿಕ್ಟರ್ ಕ್ರಮೇಣ ಮನಗಂಡರು. 1952ರಲ್ಲಿ ಹೊರಬಂದರು. ಹೊರಬಂದ ಕೂಡಲೇ ಕಡ್ಡಾಯ ಸೇನಾ ಸೇವೆಗೆ ಹೋಗಬೇಕಾಯಿತು. ಅದೂ ಮುಗಿದಾಗ ಕೈಯಲ್ಲಿ ಕೆಲಸವಿಲ್ಲ, ಮರಳಲು ಮನೆಯಿಲ್ಲ.

ಸೆಮಿನರಿ ಆ ಯುವಕನನ್ನು ಕಳೆದುಕೊಂಡಿತು ಎನ್ನಬಹುದು. ಆದರೆ ಸೆಮಿನರಿಯಲ್ಲಿ ಕಲಿತದ್ದನ್ನು ಆ ಯುವಕ ಕಳೆದುಕೊಳ್ಳಲಿಲ್ಲ. ಮುಂದಿನ 20 ವರ್ಷಗಳ ಅವರ ಕೆಲಸದಲ್ಲಿ ಅದು ಮತ್ತೆ ಮತ್ತೆ ಕಾಣಿಸಿಕೊಂಡಿತು.

ಜನರ ಹಾಡನ್ನು ಹುಡುಕುತ್ತ

ವಿಕ್ಟರ್ ಚಿಲಿ ವಿಶ್ವವಿದ್ಯಾನಿಲಯದ ಗಾಯನ ಮಂಡಳಿಗೆ ಸೇರಿದರು. ಬಳಿಕ ಅಲ್ಲಿಯ ನಾಟಕ ಶಾಲೆಯಲ್ಲಿ ಕಲಿತು ಹೆಸರಾಂತ ನಿರ್ದೇಶಕರಾದರು. ಹಳ್ಳಿಗಳಿಗೆ ಹೋಗಿ ಹಳೆಯ ಹಾಡುಗಳನ್ನು ಸಂಗ್ರಹಿಸುತ್ತಿದ್ದ ಕುಂಕುಮೆನ್ ಎಂಬ ತಂಡದಲ್ಲೂ ಹಾಡಿದರು. 1961ರಲ್ಲಿ ಆ ತಂಡದೊಂದಿಗೆ ಯುರೋಪ್ ಪ್ರವಾಸ ಮಾಡಿದರು. ಜಾನಪದ ಹಾಡುಗಳ ಸಂಗ್ರಹಕ್ಕೆ ಬದುಕನ್ನೇ ಮುಡಿಪಿಟ್ಟಿದ್ದ ವಿಯೊಲೆತಾ ಪಾರ್ರಾ ಅವರು ವಿಕ್ಟರ್ ಅವರಲ್ಲಿದ್ದ ಪ್ರತಿಭೆಯನ್ನು ಗುರುತಿಸಿ ಹಾಡುವಂತೆ ಪ್ರೋತ್ಸಾಹಿಸಿದರು. 1965ರಲ್ಲಿ ವಿಯೊಲೆತಾ ಅವರ ಮಕ್ಕಳಾದ ಇಸಬೆಲ್ ಮತ್ತು ಆಂಹೆಲ್ ಸಾಂತಿಯಾಗೊದ ಹಳೆಯ ಮನೆಯೊಂದರಲ್ಲಿ ಹಾಡುಕೂಟ ಆರಂಭಿಸಿದಾಗ ವಿಕ್ಟರ್ ಅಲ್ಲಿಯ ಖಾಯಂ ಗಾಯಕರಾದರು. ಹೊಸ ಚಿಲಿ ಗೀತೆ ಎಂದು ಮುಂದೆ ಹೆಸರಾದ ಚಳವಳಿ ಬೆಳೆದದ್ದು ಇಂಥ ಕೂಟಗಳಲ್ಲೇ.

ಇಂಗ್ಲೆಂಡಿನಿಂದ ಚಿಲಿಗೆ ಬಂದು ನೆಲೆಸಿದ್ದ ನೃತ್ಯ ಕಲಾವಿದೆ ಜೋನ್ ಟರ್ನರ್ ಅವರ ಬಾಳಸಂಗಾತಿಯಾದರು. ಜೋನ್ ಅವರ ಮೊದಲ ಮದುವೆಯ ಮಗಳು ಮಾನುವೆಲಾಳನ್ನು ವಿಕ್ಟರ್ ಸ್ವಂತ ಮಗಳಂತೆಯೇ ಬೆಳೆಸಿದರು. 1964ರಲ್ಲಿ ಹುಟ್ಟಿದ ಮಗಳಿಗೆ ತಾಯಿಯ ಹೆಸರನ್ನೇ ಇಟ್ಟು ಅಮಾಂಡಾ ಎಂದು ಕರೆದರು. ಅವರ ಹಾಡುಗಳಲ್ಲಿ ಜಗತ್ತಿಗೆಲ್ಲ ಹೆಚ್ಚು ಪರಿಚಿತವಾದದ್ದೂ ಅಮಾಂಡಾಳನ್ನು ನೆನೆಯುವ ಹಾಡೇ. ಕಾರ್ಖಾನೆಯ ವಿರಾಮದ ಐದು ನಿಮಿಷದಲ್ಲಿ ತನ್ನ ಪ್ರಿಯಕರನನ್ನು ಕಾಣಲು ಮಳೆಯಲ್ಲಿ ಓಡಿಬರುವ ಹುಡುಗಿಯ ಕಥೆ ಅದು. ಹುಡುಗನ ಹೆಸರು ಮಾನುವೆಲ್. ಆ ಹಾಡಿನಲ್ಲಿ ಅವರು ತಮ್ಮ ತಂದೆ ತಾಯಿಯರ ಹೆಸರುಗಳನ್ನು ಪ್ರೀತಿಯಿಂದ ಒಟ್ಟಿಗೆ ಸೇರಿಸಿದ್ದಾರೆ. ಬಾಲ್ಯದಲ್ಲಿ ತಂದೆಯಿಂದ ಅಷ್ಟು ನೋವು ಉಂಡ ಮಗ ಹೀಗೆ ಮಾಡಿದ್ದನ್ನು ನಾವು ಗಮನಿಸಬೇಕು.

ಧರ್ಮಸಭೆಯೊಂದಿಗೆ ಜಟಾಪಟಿ

ಧರ್ಮಸಭೆಯೊಡನೆ ಅವರ ಸಂಬಂಧ ಸರಳವಾಗಿರಲಿಲ್ಲ. 1966ರಲ್ಲಿ ಅವರು ಹಾಡಿದ ಹಳೆಯ ಜಾನಪದ ಹಾಡೊಂದು ದೊಡ್ಡ ಗದ್ದಲಕ್ಕೆ ಕಾರಣವಾಯಿತು. ಭಕ್ತೆಯೊಬ್ಬಳು ಪಾಪನಿವೇದನೆ ಕೇಳುವ ಗುರುವಿನ ಮೇಲೆ ಮನಸ್ಸಿಡುವ ತಮಾಷೆಯ ಹಾಡದು. ಧರ್ಮಗುರುಗಳಿಂದಲೂ ಪ್ರತಿಭಟನೆ ಬಂತು. ಹಾಡು ರೇಡಿಯೋದಲ್ಲಿ ನಿಂತುಹೋಯಿತು. ವಿಕ್ಟರ್ ಅವರಿಗೆ ಆಶ್ಚರ್ಯ. ಅವರ ದೃಷ್ಟಿಯಲ್ಲಿ ಅದು ಹಳ್ಳಿಯ ಭಕ್ತ ಜನರೇ ತಲೆಮಾರುಗಳಿಂದ ಹಾಡಿ ನಕ್ಕ ಹಾಡು. ನಮ್ಮ ಹಳ್ಳಿಗಳಲ್ಲೂ ಪಾದ್ರಿಗಳ ಬಗ್ಗೆ ಇಂಥ ತಮಾಷೆ ಪದಗಳಿಲ್ಲವೇ? ಆ ಹಾಡನ್ನು ನಾವು ಸಮರ್ಥಿಸಬೇಕಿಲ್ಲ. ಆದರೆ ನಮ್ಮನ್ನು ನೋಡಿ ನಗುವವರೆಲ್ಲ ನಮ್ಮ ವೈರಿಗಳಲ್ಲ ಎಂಬುದನ್ನು ನೆನಪಿಟ್ಟರೆ ಒಳ್ಳೆಯದು.

ಮೂರೇ ವರ್ಷಗಳಲ್ಲಿ ಚಿತ್ರ ಬದಲಾಯಿತು. 1969ರ ಜುಲೈ ತಿಂಗಳಲ್ಲಿ ಚಿಲಿಯ ಕಥೋಲಿಕ ವಿಶ್ವವಿದ್ಯಾನಿಲಯದ ಆಶ್ರಯದಲ್ಲಿ ಹೊಸ ಚಿಲಿ ಗೀತೆಯ ಮೊದಲ ಉತ್ಸವ ನಡೆಯಿತು. ವಿಕ್ಟರ್ ಅವರ ಹಾಡು ಅಲ್ಲಿ ಮೊದಲ ಬಹುಮಾನ ಹಂಚಿಕೊಂಡಿತು. ಹಾಡಿನ ಶೀರ್ಷಿಕೆಯ ಅರ್ಥ ರೈತನಿಗೆ ಪ್ರಾರ್ಥನೆ. ಅದರ ಕಟ್ಟು ಪರಲೋಕ ಮಂತ್ರದ್ದು. ಕೊನೆಯಲ್ಲಿ ನಮೋ ಮರಿಯಾದ ಅಂತಿಮ ಬಿನ್ನಹದ ನೆನಪು ಬರುತ್ತದೆ. ಭೂಮಿ ಉಳುವ ಮನುಷ್ಯ ತನ್ನ ಕೈಗಳನ್ನು ನೋಡಿಕೊಳ್ಳಲಿ, ಎದ್ದು ನಿಂತು ಸೋದರರ ಕೈ ಹಿಡಿಯಲಿ ಎಂಬುದು ಅದರ ಆಶಯ. ಪ್ರಾರ್ಥನೆ ದೇವರ ಬದಲು ಮನುಷ್ಯನತ್ತ ತಿರುಗಿತಲ್ಲ ಎಂದು ನಮ್ಮಂಥವರು ಆಕ್ಷೇಪಿಸಬಹುದು. ಆದರೆ ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯ ಓದಿದವರು ಆ ಆಕ್ಷೇಪವನ್ನು ಸ್ವಲ್ಪ ತಡೆದು ಹೇಳುವುದು ಲೇಸು. ಸೆಮಿನರಿ ಬಿಟ್ಟು 17 ವರ್ಷಗಳಾದ ಮೇಲೂ, ಮನದಾಳದ ಮಾತನ್ನು ಹೇಳಬೇಕಾದಾಗ ಅವರಿಗೆ ಒದಗಿದ್ದು ತಾಯಿಯ ಮಡಿಲಲ್ಲೂ ಸೆಮಿನರಿಯ ಪ್ರಾರ್ಥನಾಲಯದಲ್ಲೂ ಕಲಿತ ಮಂತ್ರಗಳೇ.

ಬಡಾವಣೆಗಳಲ್ಲಿ ಹಾಡು

1969ರ ಮಾರ್ಚ್ 9ರಂದು ದಕ್ಷಿಣದ ಪ್ಯೂರ್ತೊ ಮೊಂಟ್ ನಗರದಲ್ಲಿ ಖಾಲಿ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ಬಡ ಕುಟುಂಬಗಳನ್ನು ಪೊಲೀಸರು ಗುಂಡು ಹಾರಿಸಿ ತೆರವುಗೊಳಿಸಿದರು. ಎಳೆಯ ಮಗುವೂ ಸೇರಿದಂತೆ ಹಲವರು ಸತ್ತರು. ವಿಕ್ಟರ್ ಅದರ ಬಗ್ಗೆ ಹಾಡು ಕಟ್ಟಿದರು. ಗೃಹಮಂತ್ರಿ ಎಡ್ಮುಂಡೊ ಪೆರೆಸ್ ಸುಹೊವಿಚ್ ಅವರ ಹೆಸರು ಹಿಡಿದೇ ಪ್ರಶ್ನಿಸಿದರು. ಅದೇ ವರ್ಷ ಮಂತ್ರಿಗಳ ಮಗ ಓದುತ್ತಿದ್ದ ಕಥೋಲಿಕ ಶಾಲೆಯೊಂದರಲ್ಲಿ ಅವರು ಆ ಹಾಡು ಹಾಡಿದಾಗ ಗಲಾಟೆಯಾಯಿತು.

ಇಲ್ಲಿ ನಾವು ಒಂದು ಕ್ಷಣ ನಿಲ್ಲಬೇಕಾಗುತ್ತದೆ. ಎರಡು ವರ್ಷಗಳ ನಂತರ, 1971ರ ಜೂನ್ 8ರಂದು, ತೀವ್ರವಾದಿ ಗುಂಪೊಂದು ಆ ಮಾಜಿ ಮಂತ್ರಿಯನ್ನು ಗುಂಡಿಕ್ಕಿ ಕೊಂದಿತು. ಆ ಕೊಲೆಗೂ ವಿಕ್ಟರ್ ಅವರಿಗೂ ಸಂಬಂಧವಿರಲಿಲ್ಲ. ಸತ್ತ ಬಡವರ ಪರವಾಗಿ ಹೆಸರು ಹಿಡಿದು ಕೇಳುವುದು ಪ್ರವಾದಿಗಳ ಕಾಲದಿಂದ ಬಂದ ಕ್ರಮವೇ. ಆದರೂ ದ್ವೇಷ ತುಂಬಿದ ಕಾಲದಲ್ಲಿ ಹಾಡಾಗಲಿ ಪ್ರಸಂಗವಾಗಲಿ ಒಬ್ಬ ಮನುಷ್ಯನ ಹೆಸರನ್ನು ಎತ್ತಿಕೊಂಡಾಗ, ಕೇಳಿದವರು ಅದನ್ನು ಎಲ್ಲಿಗೆ ಒಯ್ಯುತ್ತಾರೆ ಎಂಬುದು ಆಡಿದವನ ಕೈಯಲ್ಲಿ ಇರುವುದಿಲ್ಲ. ವೇದಿಕೆಯಿಂದ ಮಾತನಾಡುವ ನಾವೆಲ್ಲ ಇದನ್ನು ಯೋಚಿಸಬೇಕು.

ಬಡವರ ಬಗ್ಗೆ ಹಾಡುವುದಕ್ಕಿಂತ ಅವರೊಡನೆ ಕುಳಿತು ಹಾಡು ಕಟ್ಟುವುದು ಅವರಿಗೆ ಹೆಚ್ಚು ಹಿಡಿಸಿತು. ಸಾಂತಿಯಾಗೊದ ಹೊರವಲಯದಲ್ಲಿ 1967ರಲ್ಲಿ ಮನೆಯಿಲ್ಲದ ಕುಟುಂಬಗಳು ಒಂದು ಬಯಲಿಗೆ ನುಗ್ಗಿ ಬಿಡಾರ ಹೂಡಿದ್ದವು. ಆ ಹೋರಾಟದ ದಿನಗಳಲ್ಲಿ ಎರ್ಮಿಂಡಾ ಎಂಬ ಹಸುಗೂಸು ತೀರಿಕೊಂಡಿತು. ಬಡಾವಣೆಗೆ ಆ ಮಗುವಿನ ಹೆಸರನ್ನೇ ಇಟ್ಟರು. ವಿಕ್ಟರ್ ಟೇಪ್ ರೆಕಾರ್ಡರ್ ಹಿಡಿದು ಅಲ್ಲಿಗೆ ಹೋಗಿ, ಮನೆ ಮನೆಯಲ್ಲಿ ಕುಳಿತು ಜನರ ಮಾತು ಕೇಳಿದರು. ನಾಟಕಕಾರ ಅಲೆಹಾಂದ್ರೊ ಸೀವೆಕಿಂಗ್ ಅವರ ಜೊತೆ ಸೇರಿ 1972ರಲ್ಲಿ ಇಡೀ ಒಂದು ಧ್ವನಿಮುದ್ರಿಕೆ ಹೊರತಂದರು. ಅದರಲ್ಲಿ ನಿವಾಸಿಗಳ ದನಿಗಳೂ ಇವೆ. ಕೆಸರಿನಲ್ಲಿ ಬಟ್ಟೆ ಚೆಂಡಿನೊಡನೆ ಆಡುವ ಲುಚಿನ್ ಎಂಬ ಪುಟ್ಟ ಹುಡುಗನ ಹಾಡೂ ಅದರಲ್ಲಿದೆ. ಸತ್ತ ಮಗುವಿಗಾಗಿ ರಾತ್ರಿಯಿಡೀ ಹಾಡುತ್ತಿದ್ದ ಅಮಾಂಡಾ ತಾಯಿಯ ಕೆಲಸವನ್ನೇ ಮಗ ಇಲ್ಲಿ ಮುಂದುವರಿಸಿದರು ಎಂದು ನಮಗೆ ಅನ್ನಿಸುತ್ತದೆ.

1970ರಲ್ಲಿ ಸಾಲ್ವಡಾರ್ ಅಲೆಂಡೆ ಅಧ್ಯಕ್ಷರಾಗಿ ಆಯ್ಕೆಯಾಗುವಲ್ಲಿ ಹಾಡುಗಾರರ ಪಾತ್ರ ದೊಡ್ಡದಿತ್ತು. ವಿಕ್ಟರ್ ಮುಂಚೂಣಿಯಲ್ಲಿದ್ದರು. ಬಳಿಕ ರಾಜ್ಯ ತಾಂತ್ರಿಕ ವಿಶ್ವವಿದ್ಯಾನಿಲಯದಲ್ಲಿ ಕೆಲಸ ಮಾಡುತ್ತ ಕಾರ್ಖಾನೆ, ಗಣಿ, ಶಾಲೆಗಳಿಗೆ ಹೋಗಿ ಹಾಡಿದರು. 1972ರ ಅಕ್ಟೋಬರಿನಲ್ಲಿ ಲಾರಿ ಮಾಲಕರ ಮುಷ್ಕರದಿಂದ ಸಾಗಾಟ ನಿಂತಾಗ ಸ್ವಯಂಸೇವಕರೊಡನೆ ಸೇರಿ ಮೂಟೆ ಹೊತ್ತರು. ದೇಶ ಎರಡಾಗಿ ಒಡೆಯುತ್ತಿತ್ತು. ರಾಜಕೀಯ ಪಕ್ಷಗಳ ನಡುವೆ ಮಾತುಕತೆ ಮುರಿಯದಿರಲೆಂದು ಸಾಂತಿಯಾಗೊದ ಮಹಾಧರ್ಮಾಧ್ಯಕ್ಷ ಕಾರ್ಡಿನಲ್ ರೌಲ್ ಸಿಲ್ವಾ ಹೆನ್ರಿಕೆಸ್ 1973ರ ಆಗಸ್ಟ್‌ನಲ್ಲಿ ಅಧ್ಯಕ್ಷರನ್ನೂ ವಿರೋಧ ಪಕ್ಷದ ನಾಯಕರನ್ನೂ ತಮ್ಮ ಮನೆಗೆ ಕರೆದು ಕೂರಿಸಿದರು. ಪ್ರಯತ್ನ ಫಲಿಸಲಿಲ್ಲ.

ಕ್ರೀಡಾಂಗಣದ ದಿನಗಳು

1973ರ ಸೆಪ್ಟೆಂಬರ್ 11, ಮಂಗಳವಾರ. ಸೇನೆ ಅಧಿಕಾರ ಕಸಿಯಿತು. ಅಧ್ಯಕ್ಷರ ಭವನದ ಮೇಲೆ ಬಾಂಬು ಬಿತ್ತು. ಅಲೆಂಡೆ ಅಲ್ಲೇ ಮಡಿದರು. ವಿಕ್ಟರ್ ಅಂದು ತಾಂತ್ರಿಕ ವಿಶ್ವವಿದ್ಯಾನಿಲಯದ ಕಾರ್ಯಕ್ರಮದಲ್ಲಿ ಹಾಡಬೇಕಿತ್ತು. ಸುದ್ದಿ ಕೇಳಿದ ಮೇಲೂ ಅವರು ಮನೆಯಲ್ಲಿ ಉಳಿಯದೆ ಅಲ್ಲಿಗೆ ಹೋದರು. ಕರ್ಫ್ಯೂ ಬಿದ್ದ ಆ ರಾತ್ರಿಯನ್ನು ವಿದ್ಯಾರ್ಥಿಗಳೂ ಅಧ್ಯಾಪಕರೂ ಇದ್ದ ಕಟ್ಟಡದಲ್ಲೇ ಕಳೆದರು. ಮರುದಿನ ಸೈನಿಕರು ಎಲ್ಲರನ್ನೂ ಸೆರೆಹಿಡಿದು ಚಿಲಿ ಕ್ರೀಡಾಂಗಣಕ್ಕೆ ಒಯ್ದರು. ನಾಲ್ಕು ವರ್ಷ ಹಿಂದೆ ಆ ಪ್ರಾರ್ಥನೆಯ ಹಾಡಿಗೆ ಜನ ಚಪ್ಪಾಳೆ ತಟ್ಟಿದ್ದು ಅದೇ ಕ್ರೀಡಾಂಗಣದಲ್ಲಿ.

ಅಧಿಕಾರಿಯೊಬ್ಬ ಅವರ ಗುರುತು ಹಿಡಿದು ಬೇರೆ ಮಾಡಿದ. ಹೊಡೆದರು, ಒದ್ದರು, ಗಿಟಾರು ನುಡಿಸುವ ಕೈಗಳನ್ನು ಜಜ್ಜಿದರು. ಸಾವಿರಾರು ಸೆರೆಯಾಳುಗಳ ನಡುವೆ, ಆ ಸ್ಥಿತಿಯಲ್ಲೂ ಅವರು ಸಣ್ಣ ಕಾಗದದಲ್ಲಿ ಒಂದು ಕವಿತೆ ಬರೆದರು. ಮುಗಿಸಲು ಆಗಲಿಲ್ಲ. ಸಂಗಾತಿಗಳು ಅದನ್ನು ನಕಲು ಮಾಡಿ ಅಡಗಿಸಿ ಹೊರಗೆ ಸಾಗಿಸಿದರು. ಸೆಪ್ಟೆಂಬರ್ 16ರ ಹೊತ್ತಿಗೆ ಅವರನ್ನು ಕೊಂದು ಶವವನ್ನು ಸ್ಮಶಾನವೊಂದರ ಬಳಿ ಎಸೆಯಲಾಗಿತ್ತು. ಆಗ ಅವರಿಗೆ 41 ತುಂಬಲು ಕೆಲವೇ ದಿನಗಳಿದ್ದವು.

ಅವರ ಕೈಗಳನ್ನು ಎಲ್ಲರೆದುರು ಕತ್ತರಿಸಲಾಯಿತು ಎಂಬ ಕಥೆ ಲೋಕವೆಲ್ಲ ಹಬ್ಬಿತು. ಅದು ನಿಜವಲ್ಲ. ಶವಾಗಾರದಲ್ಲಿ ಪತ್ನಿ ಕಂಡದ್ದು ಮುರಿದ ಕೈಗಳನ್ನು. 2009ರಲ್ಲಿ ಶವವನ್ನು ಹೊರತೆಗೆದು ಪರೀಕ್ಷಿಸಿದಾಗ 44 ಗುಂಡುಗಳ ಗಾಯ, ದೇಹದ ತುಂಬ ಮುರಿದ ಎಲುಬುಗಳು ಕಂಡುಬಂದವು. ನೋವುಂಡವರ ಕಥೆಗೆ ನಾವು ಏನನ್ನೂ ಸೇರಿಸಬಾರದು. ಸತ್ಯವೇ ಸಾಕಷ್ಟು ಭಾರವಾಗಿರುತ್ತದೆ.

ಸಿವಿಲ್ ನೋಂದಣಿ ಕಚೇರಿಯ ತರುಣ ನೌಕರನೊಬ್ಬ ಶವಾಗಾರದ ರಾಶಿಯಲ್ಲಿ ವಿಕ್ಟರ್ ಅವರನ್ನು ಗುರುತಿಸಿ, ಪ್ರಾಣಭಯ ಲೆಕ್ಕಿಸದೆ ಜೋನ್ ಅವರ ಮನೆ ಹುಡುಕಿ ಬಂದು ತಿಳಿಸಿದ. ಹಾಗಾಗಿ ಗುರುತಿಲ್ಲದ ಸಾಮೂಹಿಕ ಗುಂಡಿ ಸೇರಬೇಕಾಗಿದ್ದ ದೇಹಕ್ಕೆ ಒಂದು ಸಮಾಧಿ ಸಿಕ್ಕಿತು. ಸೆಪ್ಟೆಂಬರ್ 18, ಚಿಲಿಯ ರಾಷ್ಟ್ರೀಯ ದಿನ. ಶವದ ಹಿಂದೆ ನಡೆದವರು ಪತ್ನಿಯೂ ಒಂದಿಬ್ಬರೂ ಮಾತ್ರ.

ಧರ್ಮಸಭೆ ಎದ್ದು ನಿಂತಾಗ

ಅದೇ ವಾರದಲ್ಲಿ ಧರ್ಮಗುರುಗಳೂ ಸತ್ತರು. ಆಸ್ಪತ್ರೆಯಲ್ಲಿ ಸೇವೆ ಸಲ್ಲಿಸುತ್ತಿದ್ದ ಸ್ಪೇನ್ ಮೂಲದ ಫಾದರ್ ಜೋನ್ ಅಲ್ಸಿನಾ ಅವರನ್ನು ಸೆಪ್ಟೆಂಬರ್ 19ರಂದು ಸಾಂತಿಯಾಗೊದ ಸೇತುವೆಯ ಮೇಲೆ ಗುಂಡಿಕ್ಕಿ ಕೊಂದರು. ಫಾದರ್ ಮೈಕಲ್ ವುಡ್‌ವರ್ಡ್ ನೌಕಾಪಡೆಯ ಹಡಗಿನಲ್ಲಿ ಚಿತ್ರಹಿಂಸೆಗೊಳಗಾಗಿ ಮಡಿದರು. ಸೆಮಿನರಿಯಲ್ಲಿ ಉಳಿದವರೂ ಹೊರಬಂದವರೂ ಕೊನೆಗೆ ಒಂದೇ ದಾರಿಯಲ್ಲಿ ಸೇರಿಕೊಂಡರು.

ಕಾರ್ಡಿನಲ್ ಸಿಲ್ವಾ ಹೆನ್ರಿಕೆಸ್ ಅವರು 1973ರ ಅಕ್ಟೋಬರಿನಲ್ಲೇ ಇತರ ಕ್ರೈಸ್ತ ಸಭೆಗಳನ್ನೂ ಯೆಹೂದ್ಯರನ್ನೂ ಸೇರಿಸಿಕೊಂಡು ಶಾಂತಿ ಸಹಕಾರ ಸಮಿತಿ ಸ್ಥಾಪಿಸಿದರು. ಸರ್ವಾಧಿಕಾರಿ ಪಿನೋಷೆ ಒತ್ತಡ ಹೇರಿ ಅದನ್ನು ಮುಚ್ಚಿಸಿದಾಗ, 1976ರ ಜನವರಿ 1ರಿಂದ ಮಹಾಧರ್ಮಪ್ರಾಂತ್ಯದ ಒಳಗೇ ಸೌಹಾರ್ದ ಸೇವಾ ವಿಭಾಗ ಆರಂಭಿಸಿದರು. ಸೆರೆಯಾದವರಿಗೆ ವಕೀಲರು, ಕಾಣೆಯಾದವರ ಕುಟುಂಬಗಳಿಗೆ ಆಸರೆ, ಹಸಿದ ಮಕ್ಕಳಿಗೆ ಊಟ, ಹೆಂಗಸರಿಗೆ ಹೊಲಿಗೆಯ ಕೆಲಸ ಅಲ್ಲಿ ಸಿಕ್ಕಿತು. ಬಂದವರು ಪೂಜೆಗೆ ಹೋಗುವವರೇ, ಯಾವ ಪಕ್ಷದವರು ಎಂದು ಕೇಳಲಿಲ್ಲ. 1978ರಲ್ಲಿ ವಿಶ್ವಸಂಸ್ಥೆ ಈ ಸೇವೆಗೆ ಮಾನವ ಹಕ್ಕುಗಳ ಪ್ರಶಸ್ತಿ ನೀಡಿತು.

ಅದೇ ವರ್ಷದ ನವೆಂಬರ್ ಕೊನೆಯಲ್ಲಿ, ಧರ್ಮಗುರುವೊಬ್ಬರ ಕಿವಿಗೆ ಬಿದ್ದ ಸುಳಿವು ಹಿಡಿದು ಆ ವಿಭಾಗದವರು ಪಾಳುಬಿದ್ದ ಸುಣ್ಣದ ಭಟ್ಟಿಯೊಂದಕ್ಕೆ ಹೋದರು. ಒಳಗೆ ಸಿಕ್ಕಿದ್ದು 1973ರಲ್ಲಿ ಪೊಲೀಸರು ಹಿಡಿದೊಯ್ದಿದ್ದ 15 ಮಂದಿಯ ಅವಶೇಷ. ಹೆಚ್ಚಿನವರು ಹೊಲದಲ್ಲಿ ದುಡಿಯುತ್ತಿದ್ದ ಬಡವರು. ಕಾಣೆಯಾದವರು ಎಂಬುವರೇ ಇಲ್ಲವೆನ್ನುತ್ತಿದ್ದ ಸರ್ಕಾರದ ಬಾಯಿ ಅಂದು ಕಟ್ಟಿಹೋಯಿತು. ಆ ಭಟ್ಟಿ ಇದ್ದ ಊರು ಲೊಂಕೆನ್. ಅಮಾಂಡಾ ಗಿಟಾರು ಹಿಡಿದು ಸಾವಿನ ಮನೆಗಳಿಗೆ ಹೋಗುತ್ತಿದ್ದ ಅದೇ ಲೊಂಕೆನ್.

ಮೂವರ ಶವಯಾತ್ರೆಯಿಂದ ಸಾವಿರಾರು ಜನರಿಗೆ

ಜೋನ್ ಅವರು 1973ರ ಅಕ್ಟೋಬರಿನಲ್ಲಿ ಇಬ್ಬರು ಹೆಣ್ಣುಮಕ್ಕಳೊಡನೆ ದೇಶ ಬಿಟ್ಟರು. ಪತಿಯ ಹಾಡುಗಳ ಟೇಪುಗಳು ಉಳಿದದ್ದು ಅವರಿಂದ. ನ್ಯಾಯಕ್ಕಾಗಿ ಅವರು ಬದುಕಿನುದ್ದಕ್ಕೂ ಹೋರಾಡಿದರು. 2003ರಲ್ಲಿ ಆ ಕ್ರೀಡಾಂಗಣಕ್ಕೆ ವಿಕ್ಟರ್ ಹಾರಾ ಅವರ ಹೆಸರನ್ನೇ ಇಡಲಾಯಿತು. 2009ರ ಡಿಸೆಂಬರ್ 5ರಂದು ಅವರನ್ನು ಮತ್ತೆ ಸಮಾಧಿ ಮಾಡಿದಾಗ ಸಾಂತಿಯಾಗೊದ ಬೀದಿಗಳಲ್ಲಿ ಸಾವಿರಾರು ಜನ ಹಾಡುತ್ತ ನಡೆದರು. 2023ರ ಆಗಸ್ಟ್‌ನಲ್ಲಿ, ಕೊಲೆಯಾಗಿ 50 ವರ್ಷ ತುಂಬುವ ಹೊತ್ತಿಗೆ, ಚಿಲಿಯ ಸುಪ್ರೀಂ ಕೋರ್ಟು ನಿವೃತ್ತ ಸೇನಾಧಿಕಾರಿಗಳ ಶಿಕ್ಷೆಯನ್ನು ಖಾಯಂಗೊಳಿಸಿತು. ತೀರ್ಪು ಕಂಡ ಜೋನ್ ಅದೇ ವರ್ಷದ ನವೆಂಬರ್ 12ರಂದು ತಮ್ಮ 96ನೇ ವಯಸ್ಸಿನಲ್ಲಿ ನಿಧನರಾದರು. ಅಮೆರಿಕದಲ್ಲಿ ನೆಲೆಸಿದ್ದ ಇನ್ನೊಬ್ಬ ಆರೋಪಿ ಮಾಜಿ ಅಧಿಕಾರಿಯನ್ನು ಚಿಲಿಗೆ ಮರಳಿ ಕಳುಹಿಸಿದ್ದು ಅದರ ಮೂರು ವಾರಗಳ ಬಳಿಕ.

ಸಾನ್ ಬರ್ನಾರ್ಡೊದ ಗುರುಗಳು 1952ರಲ್ಲಿ ಒಬ್ಬ ಬಡ ವಿದ್ಯಾರ್ಥಿಯನ್ನು ಬೀಳ್ಕೊಟ್ಟರು. ತಮ್ಮ ಎರಡು ವರ್ಷದ ಶ್ರಮ ವ್ಯರ್ಥವಾಯಿತೆಂದು ಅವರಿಗೆ ಅನ್ನಿಸಿದ್ದರೂ ಆಶ್ಚರ್ಯವಿಲ್ಲ. ಆದರೆ ಬಿತ್ತಿದ ಬೀಜ ಬೇಲಿಯಾಚೆ ಮೊಳೆಯಿತು. ಅದು ನಾವು ಬಯಸಿದ ರೀತಿಯಲ್ಲೇ ಬೆಳೆಯಲಿಲ್ಲ ನಿಜ. ಆದರೆ ಹಸಿದವರ, ಮನೆಯಿಲ್ಲದವರ ಪಕ್ಕದಲ್ಲೇ ಬೆಳೆಯಿತು.

ನಮ್ಮ ಧರ್ಮಕೇಂದ್ರಗಳಲ್ಲೂ ಅಂಥವರಿದ್ದಾರೆ. ಸೆಮಿನರಿ ಬಿಟ್ಟು ಬಂದು ಶಾಲೆಯಲ್ಲಿ ಕಲಿಸುತ್ತಿರುವವರು, ಗಾಯನ ಮಂಡಳಿ ನಡೆಸುತ್ತಿರುವವರು, ರಿಕ್ಷಾ ಓಡಿಸುತ್ತಿರುವವರು, ಗಲ್ಫಿನಲ್ಲಿ ದುಡಿಯುತ್ತಿರುವವರು. ನಾಚಿಕೆಯಿಂದ ಹಿಂದಿನ ಬೆಂಚಿನಲ್ಲಿ ಕುಳಿತು ಪೂಜೆ ಮುಗಿಯುವ ಮುನ್ನ ಎದ್ದುಹೋಗುವವರೂ ಇರಬಹುದು. ಅವರನ್ನು ಬಿಟ್ಟುಬಂದ ಕಾರಣ ಕೇಳುವುದು ಸಾಕು. ಅವರು ಅಲ್ಲಿಂದ ಏನು ತಂದಿದ್ದಾರೆ ಎಂದು ಕೇಳೋಣ. ಅದಕ್ಕೆ ವಾಳೆಯಲ್ಲಿ, ಚರ್ಚಿನಲ್ಲಿ ಒಂದಿಷ್ಟು ಜಾಗ ಮಾಡಿಕೊಡೋಣ. ಮುಂದಿನ ಆದಿತ್ಯವಾರ ಆ ತಾಯಿ ನಮಗೆ ಎದುರಾದರೆ ಮಗ ಕ್ಷೇಮವೇ ಎಂದು ಮೊದಲು ವಿಚಾರಿಸೋಣ.